ಸಫಾರಿಗೆ ಯಾವ ತಿಂಗಳು ಒಳ್ಳೆಯದು

ಒಮ್ಮೆ ಆಫ್ರಿಕಾಕ್ಕೆ ಹೋಗಿ ಬಂದವನು ನಮ್ಮ ಸವಣೂರಿನಲ್ಲಿ ಬದುಕಿರುವ ತನಕ ಆಫ್ರಿಕಾದ ಪಂಡಿತನೇ. ನಿನ್ನ ಜೀವ ಹೇಗೆ ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ಯಾವ ತಿಂಗಳು ಹೋದರೆ ಒಳ್ಳೆಯದು ಎಂದಷ್ಟೇ ಕೇಳುತ್ತಾರೆ. ವೀಳ್ಯದೆಲೆ ತೋಟದವರು, ಖಾರದ ಅಂಗಡಿಯವರು ಕೇಳಿದಾಗಲೆಲ್ಲ ನಾನು ಗಂಟಲು ಸರಿಮಾಡಿಕೊಂಡು, ಜುಲೈನಿಂದ ಅಕ್ಟೋಬರ್ ಒಳ್ಳೆಯದು, ಆಗ ಅಲ್ಲಿ ಒಣ ಹವೆ, ಹುಲ್ಲು ಗಿಡ್ಡ, ಪ್ರಾಣಿಗಳು ನೀರು ಹುಡುಕಿಕೊಂಡು ಬಯಲಿಗೆ ಬರುತ್ತವೆ ಎನ್ನುತ್ತಿದ್ದೆ. ಕೇಳಿದವರು ಹೋಗುವವರಲ್ಲ, ನನ್ನನ್ನು ಕರೆಯುವವರೂ ಅಲ್ಲ. ಹೇಳುವುದಕ್ಕೆ ಏನು ತೊಂದರೆ? ಹೋದ ವಾರ ಹಾನಗಲ್ಲಿನಿಂದ ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ ಬಸವರಾಜ, ಬಂದು ಕೂತ. "ಅಣ್ಣಾರ, ಈ ಸಲ ನಾವೂ ಆಫ್ರಿಕಾಕ್ಕ ಹೊಂಟೇವ್ರಿ. ನೀವಿಬ್ರೂ ಜೋಡಿಗಿ ಬರಬೇಕು. ತಿಂಗಳಾ ನೀವ ಹೇಳ್ರಿ" ಎಂದ. ನಾನು ಚಹಾ ಕೆಳಗಿಟ್ಟು, ಆನೆ ಕಾಣದ ತಿಂಗಳು ಯಾವುದೆಂದು ಲೆಕ್ಕ ಹಾಕತೊಡಗಿದೆ.

ಕಾರಣವಿದೆ. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಕೆನ್ಯಾದ ಕಾಡಿನಲ್ಲಿ ನಮ್ಮ ತೆರೆದ ಜೀಪಿನ ಪಕ್ಕಕ್ಕೆ ಒಂದು ಆನೆ ಬಂದು ನಿಂತಿತು. ನಮ್ಮ ಕಡೆ ಮಠದ ಆನೆ ಊರಿಗೆ ಬಂದರೆ ಬಾಳೆಹಣ್ಣು ಕೊಟ್ಟು, ತಲೆ ಬಾಗಿಸಿ, ಸೊಂಡಿಲಿನಿಂದ ಆಶೀರ್ವಾದ ಪಡೆಯುತ್ತೇವಲ್ಲ, ನನ್ನ ಹೆಂಡತಿ ಗಿರಿಜಾ ಅದನ್ನೇ ಮಾಡಿದಳು. ಚಾಲಕ ಮರಗಟ್ಟಿ ಹೋದ. ಸೊಂಡಿಲು ಹಣ್ಣು ತೆಗೆದುಕೊಂಡಿತು, ಅವಳ ತಲೆ ಮುಟ್ಟಿತು, ಆಮೇಲೆ ನನ್ನ ಕಡೆ ತಿರುಗಿ ಟೋಪಿ ಮೂಸಿ, ಕುತ್ತಿಗೆಯ ಮೇಲೆ ಬಿಸಿ ಉಸಿರು ಬಿಟ್ಟು, ಅಂಗಿಯ ಕಿಸೆಯನ್ನು ತಡಕಾಡಿತು. ನನ್ನ ಎಂ.ಎ. ಪದವಿ ಆ ಹೊತ್ತಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಆನೆ ತಾನಾಗಿಯೇ ಬೇಸತ್ತು ಹೋಯಿತು. ಈಗಲೂ ಶಿಗ್ಗಾವಿಯ ಕಾಲೇಜಿಗೆ ಪಾಠ ಮಾಡಲು ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನವರು ಜೋರಾಗಿ ಉಸಿರು ಬಿಟ್ಟರೆ ನನ್ನ ಕುತ್ತಿಗೆ ಸೆಟೆಯುತ್ತದೆ.

"ಏಪ್ರಿಲ್‌ದಾಗ ಹೋಗೂಣಪಾ" ಎಂದೆ ಷಡ್ಡಕನಿಗೆ. "ಆವಾಗ ಅಲ್ಲಿ ಮಳಿಗಾಲ. ಹಸರಂದ್ರ ಹಸರು. ಮಂದಿನೂ ಕಡಿಮಿ." ಆಗ ಹುಲ್ಲು ಎದೆಯೆತ್ತರ ಬೆಳೆದು ಪ್ರಾಣಿಗಳು ಕಾಣಿಸುವುದೇ ಕಷ್ಟ ಎಂಬುದನ್ನು ಮಾತ್ರ ನುಂಗಿಕೊಂಡೆ.

ಅಡಿಗೆಮನೆಯಿಂದ ಗಿರಿಜಾ ಹೊರಬಂದಳು. "ಊರ ಮಂದಿಗೆಲ್ಲಾ ಜುಲೈದಿಂದ ಅಕ್ಟೋಬರ್ ಅಂತಿದ್ರಿ. ಈಗ ಏಪ್ರಿಲ್ ಯಾಕ ಆತ್ರಿ?"

"ಹಸರು ನೋಡೂಣಂತ."

"ಹಸರು ನೋಡಾಕ ಎಲಿ ತೋಟ ಇಲ್ಲೇ ಐತಲ್ರಿ. ಅಂಜಾಕತ್ತೀರಿ, ಅಷ್ಟ! ಆಶೀರ್ವಾದ ಮಾಡಿದ ಆನಿಗೆ ಯಾರರ ಅಂಜತಾರೇನು?"

"ಅದು ಆಶೀರ್ವಾದ ಅಲ್ಲ ಮಾರಾಯ್ತಿ, ಎರಡನೇ ಹಣ್ಣು ಹುಡಕಾಕತ್ತಿತ್ತು!"

ನಮ್ಮ ಜಗಳ ಬಗೆಹರಿಸಲು ಷಡ್ಡಕ ಪ್ರವಾಸದ ಏಜೆಂಟನಿಗೆ ಫೋನ್ ಹಚ್ಚಿ, ಏಪ್ರಿಲ್‌ನಲ್ಲಿ ಆನೆಗಳು ಕಾಣುತ್ತವೆಯೋ ಇಲ್ಲವೋ ಎಂದು ಕೇಳಿದ. "ಕಾಣ್ತಾವ್ರಿ ಸರ್" ಎಂದ ಏಜೆಂಟ. "ಹುಲ್ಲು ಎತ್ತರ ಇರ್ತೈತಿ ನೋಡ್ರಿ, ಜೀಪಿನ ಮಗ್ಗಲಕ್ಕ ಬರೂತನಕ ಗೊತ್ತಾಗೂದಿಲ್ಲ. ಆಮ್ಯಾಲೆ ಒಮ್ಮಿಗೇ ಕಾಣ್ತಾವು."

ನಾನು ಎರಡನೆಯ ಮಾತು ಆಡದೆ ಆಗಸ್ಟ್ ಎಂದುಬಿಟ್ಟೆ. ಆಗ ಹುಲ್ಲು ಗಿಡ್ಡ, ಆನೆ ಬರುವುದಾದರೂ ದೂರದಿಂದಲೇ ಕಾಣುತ್ತದೆ. ಒಂದೇ ಷರತ್ತು ಹಾಕಿದ್ದೇನೆ: ಜೀಪಿನಲ್ಲಿ ನಡುವಿನ ಸೀಟು ನನಗೆ. ಒಂದು ಬದಿಗೆ ಗಿರಿಜಾ, ಇನ್ನೊಂದು ಬದಿಗೆ ಅವಳ ತಂಗಿ. ಹೆಂಗಸರಿಗೆ ಕಾಡು ಚೆನ್ನಾಗಿ ಕಾಣಲಿ ಎಂದು ಕಾರಣವನ್ನೂ ಕೊಟ್ಟಿದ್ದೇನೆ.