ನೇಸರಗಿಯ ಕಟ್ಟೆಯ ಮೇಲೆ ಇನ್ಸುಲಿನ್ ಪಾಠ

ಬೇಡ ಎಂದರೆ ಸುಮ್ಮನಾಗುವ ಗುಣ ಕೆಲವರಿಗೆ ಇರುತ್ತದೆ. ನನಗಿಲ್ಲ. ಮುರಗೋಡದ ನನ್ನ ತವರಿನಲ್ಲಿ ಇದನ್ನು ಮೊಂಡುತನ ಎನ್ನುತ್ತಾರೆ. ಗಂಡನ ಮನೆಯಲ್ಲಿ ತವರಿನ ಗುಣ ಎನ್ನುತ್ತಾರೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಬೈಲಹೊಂಗಲದಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಮಕ್ಕಳ ಸಕ್ಕರೆ ಕಾಯಿಲೆಯ ಪಾಠ ಬಂದಾಗ ಪ್ರಾಂಶುಪಾಲರು ಗೋಡೆಯ ಚಾರ್ಟ್ ತೋರಿಸಿ, "ಇಷ್ಟ ಸಾಕ್ರಿ ಮೇಡಂ, ಪರೀಕ್ಷಾಕ್ಕ ಇದ ಬರತೈತಿ" ಎಂದರು. ಚಾರ್ಟಿನ ಮಗು ಸೂಜಿ ಚುಚ್ಚಿದರೂ ನಗುತ್ತಿತ್ತು. ಅಂಥ ಮಗುವನ್ನು ನಾನೆಲ್ಲೂ ಕಂಡಿಲ್ಲ. ಹುಡುಗಿಯರು ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿತಿದ್ದರು ನಿಜ. ಆದರೆ ಕಿತ್ತಳೆ ಅಳುವುದಿಲ್ಲ, ಅದರ ಅಜ್ಜಿ ಜಗಳಕ್ಕೂ ಬರುವುದಿಲ್ಲ.

ಸಾವಿತ್ರಿಯ ಅಜ್ಜಿ ಜಗಳಕ್ಕೇ ನಿಂತಿದ್ದಳು. ಸಾವಿತ್ರಿ ನೇಸರಗಿಯ ಎಂಟು ವರ್ಷದ ಹುಡುಗಿ, ದಿನವೂ ಇನ್ಸುಲಿನ್ ಬೇಕು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅಜ್ಜಿ ಗಂಗವ್ವ ಸೂಜಿ ನಿಲ್ಲಿಸಿ ಬೇರಿನ ಕಷಾಯ ಕುಡಿಸಲು ಹೊರಟಿದ್ದಾಳೆ ಎಂದು ಹುಡುಗಿಯ ತಾಯಿ ನಮ್ಮಲ್ಲಿಗೆ ಬಂದು ಅತ್ತಳು. ನಾನು ಯಾರನ್ನೂ ಕೇಳಲಿಲ್ಲ. ಶೋಭಾ ಎಂಬ ವಿದ್ಯಾರ್ಥಿನಿಯನ್ನೂ ಅವಳ ಗೆಳತಿಯರನ್ನೂ ಕಟ್ಟಿಕೊಂಡು ಭಾನುವಾರ ನೇಸರಗಿಯ ಬಸ್ಸು ಹತ್ತಿದೆ.

ಗಂಗವ್ವ ಬಾಗಿಲಿಗೆ ಅಡ್ಡ ಕುಳಿತಿದ್ದಳು. "ದಿನಾ ಸೂಜಿ ಹಾಕಾಕ ನಮ್ಮ ಕೂಸೇನ ಹೊಲಿಯೂ ಕೌದಿ ಏನ್ರಿ? ನಾಳಿ ಈಕಿನ್ನ ಯಾರ ಮಾಡ್ಕೋತಾರ?"

"ಈಕಿಗೆ ನಾಳಿ ಅನ್ನೂದು ಬೇಕಂದ್ರ ಇವತ್ತ ಸೂಜಿ ಬೇಕ ಯವ್ವಾ. ಬಿಟ್ರ ಕೂಸ ಉಳಿಯಂಗಿಲ್ಲ. ಕಷಾಯ ಬೇಕಾದ್ರ ನೀವ ಕುಡೀರಿ. ನಾವಂತೂ ಇಲ್ಲಿಂದ ಏಳಂಗಿಲ್ಲ" ಎಂದು ನಾನೂ ಕಟ್ಟೆಯ ಮೇಲೆ ಕುಳಿತೆ.

"ಹಂಗಾರ ಮೊದಲ ನೀವ ಚುಚ್ಚಿಸ್ಕೋರಿ, ನೋಡೂಣು!"

ಓಣಿಯ ಹೆಂಗಸರು ಸುತ್ತ ನಿಂತು ಮರೆಮಾಡಿದರು. ಶೋಭಾ ಸಿರಿಂಜಿಗೆ ಸಲೈನ್ ನೀರು ತುಂಬಿ, ನನ್ನ ಹೊಟ್ಟೆ ನೋಡಿ, "ಜಾಗಾ ಭಾಳ ಐತ್ರಿ ಮೇಡಂ" ಎಂದು ಧೈರ್ಯ ಹೇಳಿದಳು. ಕಿತ್ತಳೆ ಬಿಟ್ಟರೆ ಅವಳು ಚುಚ್ಚುತ್ತಿದ್ದುದು ಇದೇ ಮೊದಲು. ನಾನು ಶಾಂತವಾಗಿ ಮಾದರಿಯಾಗಬೇಕೆಂದಿದ್ದೆ. ಆದರೆ ನಾನು ಚೀರಿದ ರಭಸಕ್ಕೆ ಪಕ್ಕದ ಮನೆಯ ಎಮ್ಮೆ ಎದ್ದು ನಿಂತಿತು. ಅಜ್ಜಿಯ ಬೆನ್ನ ಹಿಂದಿನಿಂದ ಸಾವಿತ್ರಿ ಕಿಲಕಿಲ ನಕ್ಕಳು. "ನಾ ಅಷ್ಟ ಚೀರಂಗಿಲ್ಲ" ಎಂದು ತಾನೇ ಮುಂದೆ ಬಂದು ಕುಳಿತಳು.

ಗಂಗವ್ವ ಮೊಮ್ಮಗಳ ತಲೆ ಸವರಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು. ನಾನು ಸಿರಿಂಜು ಕೈಗೆತ್ತಿಕೊಂಡರೆ, "ನೀವ ಬ್ಯಾಡ್ರಿ, ನಿಮಗ ಅಂಜಿಕಿ ಐತಿ. ಆ ಹುಡುಗಿ ಮಾಡ್ಲಿ" ಎಂದಳು. ಶೋಭಾ ಮಾಡಿದಳು. ಈ ಸಲ ಎಮ್ಮೆ ಏಳಲಿಲ್ಲ. ಗೆಳತಿಯರು ತಾಯಿಗೆ ಔಷಧದ ಅಳತೆ ಕಲಿಸಿದರು, ಬಾಟಲಿಯನ್ನು ತಣ್ಣನೆಯ ಮಡಕೆಯಲ್ಲಿ ಇಡುವುದನ್ನು ತೋರಿಸಿದರು. ಹುಡುಗಿ ಬೆವತು ನಡುಗಿದರೆ ಬಾಯಿಗೆ ಬೆಲ್ಲ ಹಾಕಬೇಕು ಎಂದಾಗ ಗಂಗವ್ವ, "ಸಕ್ಕರಿ ಬ್ಯಾನಿಗೆ ಬೆಲ್ಲಾ?" ಎಂದು ಮತ್ತೆ ಜಗಳ ತೆಗೆದಳು. "ಸೂಜಿಯಿಂದ ಸಕ್ಕರಿ ಭಾಳ ಇಳದ್ರ ಒಲಿ ಆರಿದಂಗ ಯವ್ವಾ, ಬೆಲ್ಲಾ ಅಂದ್ರ ಒಂದ ಕಟಗಿ ಇಟ್ಟಂಗ" ಎಂದು ಹುಡುಗಿಯರು ಕೊಟ್ಟ ಉತ್ತರವನ್ನು ಯಾವ ಪರೀಕ್ಷೆಯಲ್ಲೂ ನಾನು ಓದಿಲ್ಲ. ಕೊನೆಗೆ ಅಜ್ಜಿ ತನ್ನ ಎಲೆ ಅಡಿಕೆಯ ಚೀಲದಲ್ಲೇ ಒಂದು ಉಂಡೆ ಬೆಲ್ಲಕ್ಕೆ ಜಾಗ ಮಾಡಿದಳು. ಸಾವಿತ್ರಿ ಮತ್ತೆ ಶಾಲೆಗೆ ಹೋಗತೊಡಗಿದಳು.

ಆ ಭಾನುವಾರದ ಮರುದಿನವೇ ಪ್ರಾಂಶುಪಾಲರು ನನ್ನನ್ನು ಕರೆಸಿದ್ದರು. "ಯಾರನ್ನ ಕೇಳಿ ಹೋಗಿದ್ರಿ?"

"ಮುಂದಿನ ಐತವಾರ ಸಂಪಗಾಂವಕ್ಕ ಹೊಂಟೇವ್ರಿ, ಅಲ್ಲೂ ಇಂಥಾದ್ದ ಒಂದು ಕೂಸೈತಿ. ನೀವೂ ಬರ್ರಿ ಸರ್, ಒಂದು ಹೊಟ್ಟಿ ಬೇಕಾಗೇತಿ" ಎಂದೆ.

ಅವರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಫೈಲು ತೆರೆದರು. ಬರಲಿಲ್ಲ. ಹಾಗಾಗಿ ಸಂಪಗಾಂವದಲ್ಲೂ ಚೀರಿದ್ದು ನಾನೇ.