ತಂಗಿಯ ನೂರಾ ಎಂಬತ್ತು

ನಾನು ಅಣ್ಣಿಗೇರಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹೀಗಿರುವಾಗ ಒಂದು ಕಂಪ್ಯೂಟರಿನ ವೇಗ ಹೆಚ್ಚಿಸುವುದು ನನಗೇನು ಕಷ್ಟ ಎಂದು ನಾನು ನಂಬಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪೆಲ್ಲ ಆಮೇಲೆ ಆದದ್ದು.

ನನ್ನ ತಂಗಿ ಗಿರಿಜಾಳನ್ನು ಕಲಘಟಗಿಗೆ ಕೊಟ್ಟಿದೆ. ಅವಳ ಗಂಡನ ಮನೆಯವರು ಬಣ್ಣದ ತೊಟ್ಟಿಲು ಮಾಡುವವರು. ತೊಟ್ಟಿಲಿನ ಚಿತ್ತಾರವನ್ನು ಗಿರಾಕಿಗಳಿಗೆ ಮೊದಲೇ ಪರದೆಯ ಮೇಲೆ ತಿರುಗಿಸಿ ತೋರಿಸಲೆಂದು ಅವಳು ದೊಡ್ಡ ಕಂಪ್ಯೂಟರ್ ತರಿಸಿದಳು. ಅದರೊಳಗೊಂದು ಗ್ರಾಫಿಕ್ಸ್ ಕಾರ್ಡು. ಪರದೆಯ ಚಿತ್ರಗಳನ್ನು ಸರಸರನೆ ಬರೆದುಕೊಡುವ, ಎರಡು ಫ್ಯಾನಿನ, ಇಟ್ಟಂಗಿ ಗಾತ್ರದ ಸಾಮಾನು ಅದು. ನಾನೂ ತರಿಸಿದೆ. ಹುಬ್ಬಳ್ಳಿಯ ಅದೇ ಅಂಗಡಿ, ಅದೇ ಕಂಪನಿ, ಅದೇ ಕಾರ್ಡು! ಶಾಲೆಯ ವಿಡಿಯೋ ಪಾಠಕ್ಕೆ ಬೇಕು ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಕಾರಣ ಲಾರಿ.

ಪ್ರತಿ ರವಿವಾರ ಊಟವಾದ ಮೇಲೆ ನಾವಿಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಆಟದಲ್ಲಿ ಲಾರಿ ಓಡಿಸುತ್ತೇವೆ. ಹಿಮ ಬೀಳುವ ಯಾವುದೋ ದೇಶದ ಹಾದಿ. ಅವಳ ಲಾರಿ ಮುಂದೆ, ನನ್ನದು ಹಿಂದೆ. ಹದಿನೆಂಟು ವರ್ಷ ಒಂದೇ ಕೌದಿ ಹೊದ್ದು ಮಲಗಿದವರು ನಾವು. ಈಗ ನಡುವೆ ಎರಡು ಬಸ್ಸು, ಅವಳ ತೊಟ್ಟಿಲು, ನನ್ನ ಪರೀಕ್ಷೆ ಪೇಪರು. ಮುಖ ನೋಡುವುದೇ ವರ್ಷಕ್ಕೊಮ್ಮೆ. ಆ ಒಂದು ತಾಸಿಗಾಗಿ ನಾನು ಸೋಮವಾರದಿಂದಲೇ ಕಾಯುತ್ತೇನೆ.

ಆದರೆ ನನ್ನ ಪರದೆ ತಡವರಿಸುತ್ತಿತ್ತು. ಅವಳು ಹಾದಿ ಬದಿಗೆ ಲಾರಿ ನಿಲ್ಲಿಸಿ ಕಾಯುತ್ತಿದ್ದಳು. ನಾನು ಹತ್ತಿರ ಬಂದೊಡನೆ ಮತ್ತೆ ಹೊರಡುತ್ತಿದ್ದಳು. ತಂಗಿಯ ಬಾಜೂಕ, ಪಕ್ಕದಲ್ಲೇ ಓಡಿಸಬೇಕೆಂಬ ಆಸೆ ನನ್ನದು. ಕಾಣುತ್ತಿದ್ದುದು ಬರೀ ಅವಳ ಹಿಂದಿನ ಕೆಂಪು ದೀಪ.

"ಅಕ್ಕಾ, ನಾ ಕಾರ್ಡಿನ ವೇಗ ಏರಿಸೀನಿ. ಕಂಪನಿ ಇಟ್ಟದ್ದರ ಮ್ಯಾಲೆ ನೂರಾ ಎಂಬತ್ತು ಮೆಗಾಹರ್ಟ್ಜ್. ಅಗದಿ ಬೆಣ್ಣಿಹಂಗ ಓಡತೈತಿ," ಎಂದಳು.

ಅದೇ ಕಾರ್ಡು, ಅದೇ ಸಂಖ್ಯೆ. ನಾನೂ ನೂರಾ ಎಂಬತ್ತು ಹಾಕಿದೆ. ಪರದೆಯ ಮೇಲೆ ಹಸಿರು ಚೌಕ, ಗುಲಾಬಿ ಗೀಟು ಮೂಡಿದವು. ನನ್ನ ಲಾರಿ ಇಳಕಲ್ ಸೀರೆಯಂತೆ ಕಂಡಿತು. ಆಮೇಲೆ ಕತ್ತಲೆ.

ಇದು ಶಾಖದ ಸಮಸ್ಯೆ ಎಂದು ವಿಜ್ಞಾನ ಶಿಕ್ಷಕಿ ತೀರ್ಪು ಕೊಟ್ಟಳು. ಕಂಪ್ಯೂಟರಿನ ಮಗ್ಗುಲ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಮತ್ತೆ ಗೀಟು! ಹಜಾರದ ಏರ್ ಕೂಲರನ್ನೇ ದಬ್ಬಿಕೊಂಡು ಬಂದೆ. ನನ್ನ ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು.

"ಟೀಚರ್, ಅದು ನೀರಿನ ಗಾಳಿ ಬಿಡತೈತಿ. ಕರೆಂಟಿನ ಸಾಮಾನಿಗೆ ನೀರು ಹೊಡಿಬಾರದು ಅಂತ ಹುಡುಗರಿಗೆ ಕಲಸೋರು ನೀವಾ ಅಲ್ಲೇನ?"

"ನಿಮಗ ತಿಳಿಯಂಗಿಲ್ಲ, ಸುಮ್ಮನಿರ್ರಿ," ಎಂದೆ. ಎಂದಮೇಲೆ ಕೂಲರನ್ನು ಸುಮ್ಮನೆ ಹಿಂದಕ್ಕೆ ದಬ್ಬಿದೆ.

ಗಿರಿಜಾಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವಳು ಸಮಾಧಾನವಾಗಿ ಹೇಳಿದಳು: "ಅಕ್ಕಾ, ಒಂದು ದುಂಡನ ಸಿಲಿಕಾನ್ ತಟ್ಟಿಯೊಳಗ ರಗಡ ಚಿಪ್ ಮಾಡಿ ಕತ್ತರಸ್ತಾರ. ಎಲ್ಲಾ ಒಂದಾ ತರ ಆಗಂಗಿಲ್ಲ. ಪರೀಕ್ಷಾ ಮಾಡಿ ಬ್ಯಾರೆ ಬ್ಯಾರೆ ಮಾಡ್ತಾರ. ಕಡಿಮಿ ಕರೆಂಟಿನ್ಯಾಗ ಜೋರ ಓಡೂವು ದುಬಾರಿ ಕಾರ್ಡಿಗೆ. ಒಂದೀಟು ಕೆಟ್ಟಿದ್ದರ ಆ ಭಾಗ ಬಂದ್ ಮಾಡಿ ಸಣ್ಣ ಕಾರ್ಡಿಗೆ. ನಮ್ಮವು ನಡುವಿನ ಗುಂಪು. ಗುಂಪಿನ್ಯಾಗೂ ಒಂದು ಚಲೋ ಇರತೈತಿ, ಒಂದು ಅಷ್ಟಕ್ಕಷ್ಟ. ಡಬ್ಬಿ ಮ್ಯಾಲೆ ಬರದ ವೇಗಕ್ಕಷ್ಟ ಕಂಪನಿ ಮಾತು ಕೊಡತೈತಿ. ಅದರ ಮ್ಯಾಲಿಂದು ನಸೀಬು."

"ಕಡ್ಲಿ ಜರಡಿ ಹಿಡಿದಂಗ," ಎಂದರು ಯಜಮಾನರು. ಯಾರೂ ಅವರನ್ನು ಕೇಳಿರಲಿಲ್ಲ.

ನಸೀಬೆಂದರೆ ನಾನು ಒಪ್ಪುವವಳಲ್ಲ. ಮುಂದಿನ ರವಿವಾರ ಕಾರ್ಡು ಬಿಚ್ಚಿ, ಹಳೆಯ ಕೌದಿಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಕಲಘಟಗಿಗೆ ಹೋದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಒಬ್ಬ ಅಜ್ಜಿ "ಕೂಸು ಎಷ್ಟು ತಿಂಗಳದ್ದವ್ವಾ?" ಎಂದು ಕೇಳಿದಳು.

ಗಿರಿಜಾಳ ಕಂಪ್ಯೂಟರಿಗೆ ನನ್ನ ಕಾರ್ಡು ಹಾಕಿ ನೂರಾ ಎಂಬತ್ತು ಕೊಟ್ಟೆವು. ಗುಲಾಬಿ ಗೀಟು! ಅವಳದನ್ನು ತಿರುಗಿ ಹಾಕಿದರೆ ಬೆಣ್ಣೆ. ಚಿಪ್ಪಿನದೇ ದೋಷವೆಂದು ವೈಜ್ಞಾನಿಕವಾಗಿ ಸಿದ್ಧವಾಯಿತು. ನನ್ನ ಮುಖ ಸಣ್ಣದಾಯಿತು. ನನ್ನ ಕಾರ್ಡನ್ನು ಕೌದಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಎರಡು ಹೋಳಿಗೆ ಹೆಚ್ಚಿಗೆ ತಿಂದು, ಮಲಗಿದೆ.

ಎದ್ದಾಗ ಗಿರಿಜಾ ನನಗೆ ಕಟ್ಟಿಕೊಡಲು ಮಲ್ಲಿಗೆ ತರುತ್ತೇನೆಂದು ಬಾಜೂ ಮನೆಗೆ ಹೋದಳು. ಕಂಪ್ಯೂಟರ್ ಎದುರಿಗೇ ಇತ್ತು. ಸ್ಕ್ರೂಡ್ರೈವರ್ ಅದರ ಮೇಲೇ ಇತ್ತು.

ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಕಂಪ್ಯೂಟರಿನ ಕಾರ್ಡು ಚೀಲಕ್ಕೆ, ಚೀಲದ್ದು ಕಂಪ್ಯೂಟರಿಗೆ, ಅದಲುಬದಲು ಮಾಡಿದೆ! ಒಂದು ಸ್ಕ್ರೂ, ಒಂದು ವೈರು. ಪ್ರಾಮಾಣಿಕತೆಯ ಬಗ್ಗೆ ಪ್ರತಿ ಜೂನ್‌ನಲ್ಲಿ ಭಾಷಣ ಮಾಡುವ ಕೈಗಳು ಐದು ನಿಮಿಷದಲ್ಲಿ ಕೆಲಸ ಮುಗಿಸಿದವು. ಬಸ್ ಸ್ಟ್ಯಾಂಡಿನಲ್ಲಿ ಗಿರಿಜಾ ನನ್ನ ಕೈ ಹಿಡಿದು ಏನೋ ಒಂಥರಾ ನಕ್ಕಳು. ನಾನೂ ಒಂಥರಾ ನಕ್ಕೆ. ಕಿಟಕಿಯಿಂದ ಅವಳು ಸಣ್ಣಗಾಗುತ್ತ ಹೋದಳು. ಇಳಿದು ಹೋಗಿ ಎಲ್ಲ ಹೇಳಿಬಿಡಲೇ ಎನ್ನಿಸಿತು. ಬಸ್ಸು ತಿರುವು ದಾಟಿತು.

ಮರುದಿನ ಶಾಲೆಯಿಂದ ಬಂದವಳೇ ಕಾರ್ಡು ಹಾಕಿ ನೂರಾ ಎಂಬತ್ತು ಕೊಟ್ಟೆ.

ಗುಲಾಬಿ ಗೀಟು!

ದಾರಿಯಲ್ಲಿ ತಂಗಿಯ ಕಾರ್ಡು ಕೆಡಿಸಿಬಿಟ್ಟೆನೇ? ಅಷ್ಟರಲ್ಲಿ ಅವಳದೇ ಫೋನು.

"ಅಕ್ಕಾ, ಹೆಂಗ ಓಡಾಕತ್ತೈತಿ? ಸಿಟ್ಟಾಗಬ್ಯಾಡ. ನೀ ಮಕ್ಕೊಂಡಾಗ ನನ್ನ ಕಾರ್ಡು ನಿನ್ನ ಚೀಲದಾಗ ಇಟ್ಟೀನಿ. ನಿಂದು ನಾ ಹಾಕ್ಕೊಂಡೀನಿ. ತೊಟ್ಟಿಲ ತಿರಗಸಾಕ ಅಷ್ಟ ವೇಗ ಯಾಕ ಬೇಕ? ನಿನ್ನ ಸಣ್ಣ ಮಾರಿ ನೋಡಾಕ ಆಗಲಿಲ್ಲ."

ನಾನು ಕುರ್ಚಿಯ ಮೇಲೆ ಕುಳಿತೆ.

"ಆದರ ಒಂದು ಮೋಜು, ಅಕ್ಕಾ. ನಿನ್ನ ಕಾರ್ಡು ಇಲ್ಲಿ ಈಗ ನೂರಾ ಎಂಬತ್ತಕ್ಕ ಓಡಾಕತ್ತೈತಿ! ಹೆಂಗ?"

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಆ ಕಡೆ ನಗು ಶುರುವಾಯಿತು, ಬಿಕ್ಕಳಿಕೆಯ ತನಕ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳು ಕೊಟ್ಟದ್ದನ್ನು ಅವಳಿಗೇ ತಿರುಗಿ ಕೊಟ್ಟು, ನನ್ನದನ್ನೇ ನಾನು ಕದ್ದು ತಂದಿದ್ದೆ!

"ತಿರುಗಿ ಬಾ ಅಕ್ಕಾ, ಬದಲಿ ಮಾಡೂಣು."

"ಬ್ಯಾಡವಾ. ಅದು ನಿನ್ನ ಕಡೇನ ಇರಲಿ."

ಆ ರವಿವಾರ ನಾನು ಕಂಪನಿ ಕೊಟ್ಟ ವೇಗದಲ್ಲೇ ಲಾರಿ ಹೊರಡಿಸಿದೆ. ಎದುರಿಗೆ ಕೆಂಪು ದೀಪ ಕಾಣಲಿಲ್ಲ. "ಎಲ್ಲಿದ್ದೀಯೇ?" ಎಂದೆ.

"ಬಾಜೂಕ ನೋಡು," ಎಂದಳು. "ನಾನೂ ವೇಗ ಇಳಿಸೀನಿ."

ನೋಡಿದೆ. ಹಿಮದ ಹಾದಿಯಲ್ಲಿ, ನನ್ನ ಬಲಗಡೆ, ಅವಳ ಲಾರಿ ನನ್ನ ಸರಿಸಮ ಬರುತ್ತಿತ್ತು. ನೋಡುತ್ತಲೇ ಇದ್ದೆ. ಎದುರಿಗೆ ತಿರುವಿತ್ತು. ನನ್ನ ಲಾರಿ ನೆಟ್ಟಗೆ ಕೆರೆಗೆ ಇಳಿಯಿತು.

ಈ ಸಲ ಚಿಪ್ಪಿನ ತಪ್ಪೇನೂ ಇರಲಿಲ್ಲ.