ಸೋಂಕಿಗೊಂದು ಕುದುರೆ

ಅಕ್‌ಬೆಲ್ ಜಿಲ್ಲಾಸ್ಪತ್ರೆಯಲ್ಲಿ ಯಾವ ರೋಗಿಗೂ ಸೋಂಕು ತಗಲುವುದಿಲ್ಲ. ಇದು ಅಭಿಪ್ರಾಯವಲ್ಲ, ಸುತ್ತೋಲೆ. ಆಸ್ಪತ್ರೆಯೊಳಗೆ ಸೋಂಕು ಹುಟ್ಟಿದಲ್ಲಿ ಮುಖ್ಯ ವೈದ್ಯರ ಹುದ್ದೆ ಹೋಗತಕ್ಕದ್ದು ಎಂದು ರಾಜಧಾನಿಯಿಂದ ಆಜ್ಞೆ ಬಂದಂದಿನಿಂದ ಇಲ್ಲಿ ಸೋಂಕಿನ ನಿಗಾ ಬಲು ಕಟ್ಟುನಿಟ್ಟು. ನಿಗಾ ಅಧಿಕಾರಿ ಜಿಪಾರ್ ದಿನಾ ಬೆಳಿಗ್ಗೆ ವಾರ್ಡುಗಳನ್ನೆಲ್ಲ ಸುತ್ತಿ, ಸೋಂಕು ಇಲ್ಲವೆಂದು ಪತ್ತೆ ಹಚ್ಚಿ, ಆಮೇಲೆ ಚಹಾ ಕುಡಿಯುತ್ತಾಳೆ.

ಇಂಥ ಕಡೆ ಒಮುರ್‌ಕುಲನ ಕಾಲು ಬಾತುಕೊಂಡಿತು.

ಒಮುರ್‌ಕುಲ್ ಸಾಮಾನ್ಯ ಸವಾರನಲ್ಲ. ಆಡಿನ ಮುಂಡಕ್ಕಾಗಿ ಕುದುರೆ ಮೇಲೇ ಕಿತ್ತಾಡುವ ಕೋಕ್‌ಬೋರು ಆಟದಲ್ಲಿ ಸುತ್ತಲ ಹತ್ತೂರಿನವರು ಅವನಿಗೆ ಹೆದರುತ್ತಿದ್ದರು. ಈ ಸಲ ಕೆಳಗೆ ಬಿದ್ದು ಮೊಣಕಾಲ ಕೆಳಗೆ ಮುರಿದುಕೊಂಡ. ಬಿದ್ದವನನ್ನು ಬೇರೆ ಕುದುರೆಗಳು ತುಳಿಯದಂತೆ ಅವನ ಕಾಷ್ಕಾ, ಹಣೆಯಲ್ಲಿ ಬಿಳಿ ನಾಮದ ಕುದುರೆ, ಅಡ್ಡ ನಿಂತು ಕಾದಿತ್ತು. ಕಾಲಿಗೆ ಸರಳು ಕೂರಿಸಿದ್ದೇನೋ ಚೆನ್ನಾಗೇ ಆಯಿತು. ಆದರೆ ಪಟ್ಟಿ ಕಟ್ಟುವ ನರ್ಸಮ್ಮ ಪಕ್ಕದ ಹಾಸಿಗೆಯವನ ಕೀವು ತುಂಬಿದ ಕುರು ಹಿಂಡಿದ ಕೈಯಲ್ಲೇ ಇವನ ಗಾಯಕ್ಕೂ ಕೈ ಹಾಕಿದಳು. ಸೋಪಿಲ್ಲವೇನಮ್ಮ ಎಂದು ಕೇಳಿದ್ದಕ್ಕೆ, ಸೋಂಕೇ ಇಲ್ಲದ ಆಸ್ಪತ್ರೆಗೆ ಸೋಪು ಮಂಜೂರಾಗುವುದಿಲ್ಲ ಎಂದಳು. ಮಾತು ಸರಿಯಾಗೇ ಇತ್ತು.

ಜ್ವರ ಏರಿತು. ಔಷಧಿ ಬೀರುವಿನಲ್ಲೇ ಇತ್ತು. ಆದರೆ ಅದು ಸೋಂಕಿನ ಔಷಧಿ, ಮತ್ತು ಸೋಂಕಿಗೆ ಹುಟ್ಟಿದ ಊರು ಇರಲೇಬೇಕೆಂಬುದು ನಿಯಮ. ಸೇರಿ ಎರಡು ದಿನದೊಳಗೆ ಕಾಣಿಸಿಕೊಂಡಿದ್ದರೆ ಮನೆಯಿಂದ ತಂದದ್ದು ಎನ್ನಬಹುದಿತ್ತು. ಇವನು ಸೇರಿ ವಾರ ಕಳೆದಿತ್ತು. ಮುಖ್ಯ ವೈದ್ಯ ಬಾಯ್‌ಸಾಲ್ ಬಂದು ಹಾಸಿಗೆಯ ಅಂಚಿನಲ್ಲಿ ಕೂತ.

"ನಿನ್ ಕಾಲಿಗೆ ಸೋಂಕಾಗಿದೆ, ನಾನು ಒಪ್ತೀನಿ ಒಮುರ್‌ಕುಲಣ್ಣ. ಇಲ್ಲಿ ಆಗಿಲ್ಲ, ಅಷ್ಟೆ. ಎಲ್ಲಿ ಆಯ್ತು ಅಂತ ಒಂದ್ ಮಾತು ಹೇಳು, ಈಗ್ಲೇ ಸೂಜಿ ಹಾಕಿಸ್ತೀನಿ."

ಹೇಳದಿದ್ದರೆ? ಕಾಲು ತೆಗೆಯುವುದು. ಕಾಲು ತೆಗೆಯುವುದಕ್ಕೆ ಯಾವ ಮೂಲವನ್ನೂ ತೋರಿಸಬೇಕಾಗಿಲ್ಲ.

ಒಂಟಿ ಕಾಲಲ್ಲಿ ಕುದುರೆ ಏರುವುದನ್ನು ನೆನೆದು ಒಮುರ್‌ಕುಲನಿಗೆ ಜ್ವರದಲ್ಲೂ ಬೆವರಿತು. ಎದುರಿನ ಚಹಾ ಅಂಗಡಿಯವನ ಹೆಸರು ಹೇಳಿದ. ಅವನು ಓಡಿ ಬಂದು, ತನ್ನ ಅಂಗಡಿಯಲ್ಲಿ ಸೋಪಿದೆ, ಬೇಕಾದರೆ ತೋರಿಸುತ್ತೇನೆ ಎಂದು ತಪ್ಪಿಸಿಕೊಂಡ. ಉಳಿದದ್ದು ಹೆಂಡತಿ ಬೂರುಲ್ ದಿನವೂ ತರುತ್ತಿದ್ದ ಕುರಿ ಸಾರು.

"ನನ್ ಸಾರಿನ ಮೇಲೆ ಹಾಕಿ ನೋಡು, ಆ ಇನ್ನೊಂದ್ ಕಾಲು ನಾನೇ ಮುರೀತೀನಿ," ಎಂದಳು ಬೂರುಲ್.

ಆಗ ಅಲ್ಲೇ ನಿಂತಿದ್ದ ಜಿಪಾರಳ ಕಣ್ಣು ಕಿಟಕಿಯ ಕಡೆ ಹೋಯಿತು. ಬೂರುಲ್ ಏರಿ ಬಂದಿದ್ದ ಕಾಷ್ಕಾ ಎಂದಿನಂತೆ ಕತ್ತು ಒಳಗೆ ಚಾಚಿ ಒಡೆಯನನ್ನು ಮೂಸುತ್ತಿತ್ತು.

"ದಿನಾ ಮೂಸುತ್ತಾ?"

"ಮೂಸುತ್ತೆ," ಎಂದ ಒಮುರ್‌ಕುಲ್.

"ಮತ್ತೆ ಮೊದ್ಲೇ ಹೇಳೋಕೇನಾಗಿತ್ತು?"

ಸೋಂಕು ಕುದುರೆಯಿಂದ ಬಂತೆಂಬ ಹೇಳಿಕೆಗೆ, ಕುದುರೆಯ ಮುಖ ನೋಡದೆ, ಒಮುರ್‌ಕುಲ್ ರುಜು ಹಾಕಿದ. ಬಿದ್ದಾಗ ತನ್ನನ್ನು ಕಾದ ಪ್ರಾಣಿಯ ಮೇಲೇ ಹೊರಿಸಿದ್ದ. ಸೂಜಿ ಬಿತ್ತು, ಜ್ವರ ಇಳಿಯಿತು, ಕಾಲು ಉಳಿಯಿತು.

ಮುಂದಿನದು ಕ್ರಮಬದ್ಧವಾಗಿ ನಡೆಯಿತು. ಸಿಸೇರಿಯನ್ ಆದ ಬಾಣಂತಿಗೆ ಜ್ವರ ಬಂತು; ಮೂಲ: ಕಾಷ್ಕಾ. ಮೂರನೇ ಮಹಡಿಯಲ್ಲಿ ಕಣ್ಣಿನ ಆಪರೇಷನ್ ಆದವನಿಗೂ ಬಂತು; ಕುದುರೆ ಎತ್ತರದ ತಳಿ ಎಂದು ಟಿಪ್ಪಣಿ ಸೇರಿಸಲಾಯಿತು. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕಿ ಎಲ್ಲರೂ ಗುಣವಾದರು. ಮನೆಗೆ ಹೊರಟವರು ಕಾಷ್ಕಾನಿಗೆ ಸೇಬು ತಿನ್ನಿಸಿ ಹಣೆ ಸವರಿ ಹೋಗತೊಡಗಿದರು.

ಒಮುರ್‌ಕುಲ್ ಬಿಡುಗಡೆಯಾದ ದಿನ ಬಾಗಿಲಲ್ಲಿ ಎರಡು ವಾರದ ಹಿಂದಿನ ತಾರೀಖಿನ ಪ್ರಕಟಣೆ ಅಂಟಿಸಿತ್ತು: "ಸದರಿ ಕುದುರೆಯನ್ನು ಈ ಆಸ್ಪತ್ರೆಯ ಖಾಯಂ ಸೋಂಕಿನ ಮೂಲವನ್ನಾಗಿ ನೇಮಿಸಲಾಗಿದೆ. ಹುಲ್ಲು ಹಾಗೂ ಬಾರ್ಲಿ ಸರ್ಕಾರದ್ದು. ಸದರಿ ಕುದುರೆಯು ಅನುಮತಿಯಿಲ್ಲದೆ ಆವರಣ ಬಿಡತಕ್ಕದ್ದಲ್ಲ."

ಕುದುರೆ ತನ್ನದು, ಈ ಕಾಲು ಉಳಿಸಿಕೊಂಡದ್ದೇ ಅದನ್ನು ಏರುವುದಕ್ಕೆ ಎಂದು ಒಮುರ್‌ಕುಲ್ ಜಗಳಕ್ಕೆ ನಿಂತ. ಬಾಯ್‌ಸಾಲ್ ನೊಂದುಕೊಂಡ.

"ನೀನು ಹೊಡ್ಕೊಂಡು ಹೋದ್ರೆ ನಾಳೆ ಜ್ವರ ಬಂದೋರಿಗೆ ನಾನು ಎಲ್ಲಿಂದ ತರ್ಲಿ ಸೋಂಕನ್ನ?"

ಮಗು ಎತ್ತಿಕೊಂಡಿದ್ದ ಬಾಣಂತಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನು, ಎಲ್ಲ ಒಮುರ್‌ಕುಲನನ್ನೇ ನೋಡುತ್ತಿದ್ದರು.

ಅವನು ಊರುಗೋಲು ಊರಿಕೊಂಡು ಆಸ್ಪತ್ರೆಯ ಹಿತ್ತಿಲ ಲಾಯಕ್ಕೆ ಹೋದ. ಕಾಷ್ಕಾ ಗುರುತು ಹಿಡಿದು ಕೆನೆಯಿತು. ಮೈ ಸರ್ಕಾರಿ ಬಾರ್ಲಿಗೆ ಮಿರಮಿರ ಮಿಂಚುತ್ತಿತ್ತು. ಅವನು ಕೈ ಚಾಚುವಷ್ಟರಲ್ಲಿ ಜಿಪಾರ್ ಅಡ್ಡ ಬಂದಳು. ಪಕ್ಕದಲ್ಲಿ ಬೋಗುಣಿ, ಹೂಜಿಯಲ್ಲಿ ಬಿಸಿನೀರು, ಕಾಗದ ಬಿಚ್ಚಿದ ಹೊಸ ಸೋಪು.

"ಮೊದ್ಲು ಕೈ ತೊಳ್ಕೊ. ಈಗ ಇದು ನಮ್ ಆಸ್ಪತ್ರೇದು. ಇದಕ್ಕೇನಾದ್ರೂ ಅಂಟಿದ್ರೆ ಅದು ಆಸ್ಪತ್ರೆ ಸೋಂಕಾಗುತ್ತೆ."

ಒಮುರ್‌ಕುಲ್ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡ. ಆಮೇಲೆ ಕಾಷ್ಕಾನ ಕುತ್ತಿಗೆ ತಬ್ಬಿಕೊಂಡು ಅತ್ತ. ಅವನ ಹಿಂದೆ, ಕುದುರೆ ಸವರುವವರ ಸಾಲಿನಲ್ಲಿದ್ದ ನರ್ಸಮ್ಮನೂ ತೊಳೆದುಕೊಂಡು, ಕುದುರೆಗೆ ಒಂದು ಸಕ್ಕರೆ ತುಂಡು ತಿನ್ನಿಸಿದಳು. ಅಂಗೈಗೆ ಮೆತ್ತಿದ ಜೊಲ್ಲನ್ನು ಅಂಗಿಗೆ ಒರೆಸಿಕೊಂಡು, ಹೊಸದಾಗಿ ಸೇರಿದವನ ಗಾಯಕ್ಕೆ ಪಟ್ಟಿ ಕಟ್ಟಲು ವಾರ್ಡಿಗೆ ಹೋದಳು. ಜಿಪಾರ್ ಸೋಪನ್ನು ಒರೆಸಿ, ಡಬ್ಬಿಗೆ ಹಾಕಿ ಬೀಗ ಹಾಕಿದಳು. ಬಾರ್ಲಿ ಹಸನಾಗಿದೆಯೇ ಎಂದು ಒಮುರ್‌ಕುಲ್ ಬೊಗಸೆಯಲ್ಲಿ ತೆಗೆದು ನೋಡಿದ. ಚೆನ್ನಾಗಿತ್ತು.